ಮಾರ್ಟಿ ಅಂಕಲ್ ಉಳಿಸಿಟ್ಟ ಮೂರನೇ ಸಲ

ಮಾರ್ಟಿ ಅಂಕಲ್ ಸೊಂಟದ ಬೆಲ್ಟಿನಲ್ಲಿ ಸದಾ ಒಂದು ಅಳತೆ ಟೇಪು ಸಿಕ್ಕಿಸಿಕೊಂಡಿರುತ್ತಿದ್ದರು. ನಾವು ಕೆಂಡಲ್ ಪಾರ್ಕಿನ ಈ ಮನೆಗೆ ಬಂದ ವಾರ, ತಮ್ಮ ಹೆಸರು ಹೇಳುವುದಕ್ಕೂ ಮೊದಲೇ ನಮ್ಮ ಹಿತ್ತಲಿಗೆ ನಡೆದು ಬಂದು, ಡೆಕ್ಕಿನ ರೇಲಿಂಗ್ ಅಳೆದು, "ಎರಡು ಇಂಚು ಗಿಡ್ಡ ಇದೆ. ಮಕ್ಕಳು ಯಾರಾದ್ರೂ ಬಂದ್ರೆ ಬೀಳ್ತಾರೆ" ಎಂದು ಹೇಳಿ, ಟೇಪನ್ನು ಸರ್ರನೆ ಒಳಗೆ ಬಿಟ್ಟುಕೊಂಡು ಹೊರಟೇ ಹೋದರು. ಪಕ್ಕದ ಮನೆಯವರು, ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವವರು ಎಂಬುದೆಲ್ಲ ಆಮೇಲೆ ತಿಳಿಯಿತು. ಕೆಲಸ ಬಿಟ್ಟಿದ್ದರೂ ಟೇಪು ಬಿಟ್ಟಿರಲಿಲ್ಲ. ಅವರು ಆಡುತ್ತಿದ್ದದ್ದು ಅಪ್ಪಟ ಬ್ರೂಕ್ಲಿನ್ನಿನ ಇಂಗ್ಲಿಷು. ನನ್ನ ಕಿವಿಗೆ ಮಾತ್ರ ಅದು ನಮ್ಮ ಒಂಟಿಕೊಪ್ಪಲಿನ ಹಿರಿಯರು ಜಗಲಿಯ ಮೇಲಿಂದ ಗದರಿದ ಹಾಗೆ ಕೇಳುತ್ತಿತ್ತು. ಹಾಗೆ ಕೇಳಿಸಿದಂತೆಯೇ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಮೇಪಲ್ ಎಲೆಗಳು ಬಣ್ಣ ತಿರುಗುವ ಹೊತ್ತಿಗೆ ಒಂದು ಸಂಜೆ ಬಾಗಿಲು ಬಡಿದರು. ನಾನು ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಬಾಗಿಲು ತೆಗೆದರೆ ಇಸ್ತ್ರಿ ಮಾಡಿದ ಶರಟು ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾರೆ.

"ಡಾಕ್ಟರ್, ಈ ವರ್ಷ ನಾನು ನಿಮಗೆ ಏನಾದ್ರೂ ನೋವು ಮಾಡಿದೀನಾ? ಮಾಡಿದ್ರೆ ಕ್ಷಮಿಸಬೇಕು."

ನಾನು ಔಷಧದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಹೆಸರಿನ ಹಿಂದೆ ಪಿಎಚ್‌ಡಿ ಇದೆ ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು, ಅದರಲ್ಲಿ ಅರ್ಧ ಗೌರವ, ಅರ್ಧ ಕುಚೋದ್ಯ. ನಮ್ಮವರು ಯಾರೇ ಆಗಿದ್ದರೂ ಹೇಳುತ್ತಿದ್ದುದನ್ನೇ ನಾನೂ ಹೇಳಿದೆ: "ಅಯ್ಯೋ, ನಥಿಂಗ್ ಅಂಕಲ್, ಏನಿಲ್ಲ."

"ಏನಿಲ್ಲ ಅನ್ನಬೇಡಿ. ಯೋಚನೆ ಮಾಡಿ ಹೇಳಿ. ನಾನು ಕಾಯ್ತೀನಿ."

ಬಾಯುಪಚಾರಕ್ಕೆ ಅಲ್ಲ, ನಿಜವಾಗಿಯೂ ಕಾದರು. ಸಾಸಿವೆ ಸೀಯುವ ವಾಸನೆ ಬಂತು. ಓಡಿ ಹೋಗಿ ಒಲೆ ಆರಿಸಿ ಬಂದರೂ ಮನುಷ್ಯ ಅಲ್ಲೇ ಇದ್ದಾರೆ. ಕೊನೆಗೆ ಸಿಟ್ಟು ಬಂದು, "ಮೊದಲನೇ ದಿನಾನೇ ಬಂದು ನಮ್ಮ ಡೆಕ್ ಸರಿ ಇಲ್ಲ ಅಂದ್ರಿ. ಹೊಸ ಮನೆ. ನಂಗೆ ಬೇಜಾರಾಯ್ತು" ಎಂದುಬಿಟ್ಟೆ. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು. "ಸರಿ. ಅದಕ್ಕೆ ಕ್ಷಮಿಸಿ" ಎಂದರು. ಮೆಟ್ಟಿಲಿಳಿದವರು ತಡೆಯಲಾರದೆ ತಿರುಗಿ ನಿಂತರು: "ಆದ್ರೆ ಎರಡು ಇಂಚು ಗಿಡ್ಡ ಇರೋದು ನಿಜ."

ಈ 'ಆದ್ರೆ' ಇಲ್ಲದೆ ಮಾರ್ಟಿ ಅಂಕಲ್ ಬಾಯಿಂದ ಒಂದು ಕ್ಷಮೆಯೂ ಹೊರಟಿದ್ದಿಲ್ಲ.

ಮಾರ್ಟಿ ಅಂಕಲ್ ಯಹೂದಿ. ಅವರ ಹೊಸ ವರ್ಷ ಬರುವುದು ಈ ಶರತ್ಕಾಲದಲ್ಲಿ. ಸೇಬನ್ನು ಜೇನಿನಲ್ಲಿ ಅದ್ದಿ ತಿಂದು ಶುರು ಮಾಡುತ್ತಾರೆ. ಅದಾಗಿ ಹತ್ತನೆಯ ದಿನ ಯೋಮ್ ಕಿಪುರ್, ನೀರೂ ಕುಡಿಯದ ಉಪವಾಸ. ದೇವರಿಗೆ ಮಾಡಿದ ತಪ್ಪನ್ನು ಆ ದಿನ ದೇವರು ಮನ್ನಿಸುತ್ತಾನೆ. ಮನುಷ್ಯರಿಗೆ ಮಾಡಿದ ತಪ್ಪನ್ನು ಮಾತ್ರ ಆ ಮನುಷ್ಯರೇ ಮನ್ನಿಸಬೇಕು, ಆದ್ದರಿಂದ ಉಪವಾಸಕ್ಕೆ ಮುಂಚೆಯೇ ಹೋಗಿ ಕೇಳಬೇಕು. "ಅದು ಮೇಲಿನವನ ಜ್ಯೂರಿಸ್‌ಡಿಕ್ಷನ್ ಅಲ್ಲ" ಎಂದು ಅವರು ನನಗೆ ವಿವರಿಸಿದ್ದು ಹಳೆಯ ಇನ್‌ಸ್ಪೆಕ್ಟರಿನ ಗತ್ತಿನಲ್ಲೇ. ಅವರ ಪ್ರಕಾರ ಈ ನಿಯಮದಲ್ಲಿ ನೆರೆಹೊರೆಯವರು ಯಾವ ಧರ್ಮದವರು ಎಂಬ ಪ್ರಶ್ನೆಯೇ ಇಲ್ಲ. ನಮ್ಮ ಬೀದಿಯಲ್ಲಿ ಈಗ ಹೆಚ್ಚಿನವರು ನಾವುಗಳೇ, ತೆಲುಗರು, ಗುಜರಾತಿಗಳು, ಎರಡು ಕನ್ನಡದ ಮನೆ. ಮಾರ್ಟಿ ಅಂಕಲ್ ಟೋಪಿ ಹಿಡಿದು ಬರುವುದು ಕಂಡರೆ ಕೆಲವರು ಮುಂಬಾಗಿಲ ದೀಪ ಆರಿಸಿ ಮನೆಯಲ್ಲಿ ಇಲ್ಲದವರ ಹಾಗೆ ಕೂರುತ್ತಿದ್ದರು. ಕ್ಷಮೆ ಕೇಳುವುದು ಕಷ್ಟ ಎನ್ನುತ್ತಾರೆ. ಎದುರಿಗೆ ನಿಂತು ಕೇಳಿದವನಿಗೆ ನಿಜ ಹೇಳುವುದು ಅದಕ್ಕಿಂತ ಕಷ್ಟ ಎಂಬುದು ನಮ್ಮ ಬೀದಿಗೆ ಗೊತ್ತಾಗಿದ್ದು ಅವರಿಂದ.

ಆ ಕಷ್ಟ ಒಂಚೂರೂ ಇಲ್ಲದಿದ್ದವರು ನಮ್ಮ ಅತ್ತೆ ಒಬ್ಬರೇ. ಅತ್ತೆ ಮೈಸೂರಿನಿಂದ ಬೇಸಗೆಗೆ ಬಂದರೆ ಚಳಿ ಶುರುವಾಗುವವರೆಗೆ ಇರುತ್ತಿದ್ದರು. ಇಂಗ್ಲಿಷು ಬಾರದು, ಬರಬೇಕೆಂಬ ಆಸೆಯೂ ಇರಲಿಲ್ಲ. ಎರಡನೇ ವರ್ಷ ಮಾರ್ಟಿ ಅಂಕಲ್ ಬಂದು ತಮ್ಮ ಪ್ರಶ್ನೆ ಕೇಳಿದಾಗ ಅತ್ತೆ ಒಳಗಿನಿಂದಲೇ, "ಏನಂತೆ?" ಎಂದರು. ಹೇಳಿದೆ. ಸೆರಗಿಗೆ ಕೈ ಒರೆಸಿಕೊಂಡು ಸೀದಾ ಬಾಗಿಲಿಗೆ ಬಂದರು.

"ಹೂಂ, ಮಾಡಿದಾರೆ ಅಂತ ಹೇಳು. ನಾನು ಬೆಳಿಗ್ಗೆ ಬಗ್ಗಿ ರಂಗೋಲಿ ಹಾಕ್ತೀನಿ. ಇವರು ಆ ಎಲೆ ಊದೋ ಮಿಷನ್ ತಗೊಂಡು ಬಂದು ಬುರ್ರ್ ಅಂತ ಅದನ್ನೂ ಊದಿಬಿಡ್ತಾರೆ. ದಿನಾ. ನನ್ನ ಸೊಂಟ ಏನು ಕಬ್ಬಿಣದ್ದಾ ಕೇಳು."

ನಾನು ಮುಚ್ಚಿಟ್ಟು ಹೇಳೋಣವೆಂದುಕೊಂಡೆ. ಅತ್ತೆ ಊದುವುದನ್ನು ಕೈಯಲ್ಲೇ ಅಭಿನಯಿಸಿ ತೋರಿಸಿಬಿಟ್ಟಿದ್ದರು. ಮಾರ್ಟಿ ಅಂಕಲ್ ಮುಖ ಕೆಂಪಾಯಿತು. ಬಿಳಿ ಪುಡಿಯನ್ನು ಅವರು ಇರುವೆಗೆ ಹಾಕಿದ ಔಷಧಿ ಎಂದುಕೊಂಡಿದ್ದರಂತೆ. ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆಯ ರಂಗೋಲಿಯ ಸುತ್ತ, ರಸ್ತೆ ರಿಪೇರಿಗೆ ಇಡುವ ಕಿತ್ತಳೆ ಬಣ್ಣದ ನಾಲ್ಕು ಕೋನ್‌ಗಳು ಅಳತೆ ಹಿಡಿದು ನಿಂತಿದ್ದವು. ಅತ್ತೆ ಬಹಳ ಹೊತ್ತು ನಕ್ಕರು. "ಈ ಬೀದೀಲಿ ಬಾಯಿ ಇರೋನು ಅಂದ್ರೆ ಇವನೊಬ್ಬನೇ ಕಣೆ" ಎಂದು ಅವರಿಗೆ ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು. ನಮ್ಮ ಮನೆಯಿಂದ ಅವರು ತಿನ್ನುತ್ತಿದ್ದುದು ಹೆಚ್ಚದ ಹಣ್ಣು ಮಾತ್ರ. ಅದೂ ಅವರ ಧರ್ಮದ ಊಟದ ಒಂದು ನಿಯಮ.

ಯೋಮ್ ಕಿಪುರ್ ಮುಗಿದ ಕೂಡಲೇ ಅವರ ಹಿತ್ತಲಲ್ಲಿ ಸುತ್ತಿಗೆಯ ಸದ್ದು ಏಳುತ್ತಿತ್ತು. ಅದು ಸುಕ್ಕೋತ್ ಹಬ್ಬದ ಚಪ್ಪರ. ಮೂರು ಗೋಡೆ, ಮೇಲೆ ಜೋಳದ ದಂಟಿನ ಮಾಡು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೆ ಸಂದಿಯಲ್ಲಿ ನಕ್ಷತ್ರ ಕಾಣಬೇಕು. ನನ್ನ ಗಂಡ ರವಿ ಏಣಿ ಹಿಡಿದುಕೊಳ್ಳುವುದು, ಮಾರ್ಟಿ ಅಂಕಲ್ ಟೇಪು ಹಿಡಿದು ಬೈಯುವುದು. ಅವರ ಪ್ರಾರ್ಥನಾ ಮಂದಿರ ಸಿನಗಾಗಿನಲ್ಲಿ ಜನ ಕರಗುತ್ತಾ ಬಂದಿದ್ದರು. ಕೆಲವರು ಫ್ಲೋರಿಡಾ ಸೇರಿದ್ದರು, ಕೆಲವರು ಮಣ್ಣು ಸೇರಿದ್ದರು. ಈಚೆಗೆ ದಾಳಿಯ ಭಯಕ್ಕೆ ಅದರ ಗೇಟಿನಲ್ಲಿ ಹಬ್ಬದ ದಿನ ಪೊಲೀಸ್ ಕಾರು ನಿಂತಿರುತ್ತದೆ. ಹಾಗಾಗಿ ಚಪ್ಪರದ ಮೇಜಿನ ಸುತ್ತ ಹೆಚ್ಚಾಗಿ ನಾವೇ ಇರುತ್ತಿದ್ದೆವು. ಒಂದು ಕುರ್ಚಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಪೂರ್ವಜರು ಅತಿಥಿಗಳಾಗಿ ಬರುತ್ತಾರೆ, ಅವರಿಗೆ ಅದು ಎನ್ನುತ್ತಿದ್ದರು. ಪೂರ್ವಜರಿಗೆ ಯಾರಾದರೂ ಪ್ರತಿ ಸಲ ಹೊಸ ದಿಂಬು ಹಾಕುತ್ತಾರೆಯೇ ಎಂದು ನನಗೆ ಅನುಮಾನ ಇದ್ದೇ ಇತ್ತು.

ಆ ಕುರ್ಚಿ ಯಾರದೆಂದು ತಿಳಿದದ್ದು ನನ್ನ ಅಪ್ಪ ತೀರಿಕೊಂಡ ವರ್ಷ.

ಅಪ್ಪ ಮೈಸೂರಿನಲ್ಲಿ ಹೋದಾಗ ನಾನು ಸಿಕ್ಕ ವಿಮಾನ ಹಿಡಿದೆ. ನಡುವೆ ದೋಹಾದಲ್ಲಿ ಅದು ತಡವಾಯಿತು. ಅಣ್ಣನಿಗೆ ಫೋನು ಮಾಡಿ, "ನಾನು ಬರೋವರೆಗೂ ಅಪ್ಪನ್ನ ಇರಿಸ್ಕೊಳೋ" ಎಂದು ಬೇಡಿಕೊಂಡೆ. ಪುರೋಹಿತರು ಹೊತ್ತು ಮೀರಬಾರದು ಎಂದರಂತೆ, ಶಾಸ್ತ್ರ ಬಿಡಬಾರದು ಎಂದರಂತೆ. ನಾನು ಮನೆ ಮುಟ್ಟಿದಾಗ ಅಪ್ಪ ಮಲಗಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಅಣ್ಣ ಎದ್ದು ಬಂದ. ನಾನು ಅವನನ್ನು ದಾಟಿಕೊಂಡು ಒಳಗೆ ಹೋದೆ. ಆಮೇಲೆ ನಮ್ಮಿಬ್ಬರ ನಡುವೆ ಯುಗಾದಿಗೆ ಒಂದು ಫೋನು, ದೀಪಾವಳಿಗೆ ಒಂದು ಫೋನು, ಅಷ್ಟೇ ಉಳಿದಿತ್ತು.

ನಾನು ಕೆಂಡಲ್ ಪಾರ್ಕಿಗೆ ಹಿಂತಿರುಗಿದಾಗ ಮಾರ್ಟಿ ಅಂಕಲ್ ಬಂದು ಸೋಫಾದ ತುದಿಯಲ್ಲಿ ಕೂತರು. ಒಂದು ಮಾತೂ ಆಡಲಿಲ್ಲ. ದುಃಖದಲ್ಲಿ ಇರುವವರು ಬಾಯಿ ತೆಗೆಯುವವರೆಗೆ ನೋಡಲು ಬಂದವರು ಮಾತಾಡಬಾರದು ಎಂಬುದು ಅವರ ಪದ್ಧತಿ. ಎಲ್ಲರೂ ಬಂದು ವಯಸ್ಸಾಗಿತ್ತಲ್ಲ, ಒಳ್ಳೇ ಸಾವು, ಎಂದು ಹೇಳಿ ಹೇಳಿ ನನ್ನ ಜೀವ ತಿಂದಿದ್ದರು. ಈ ಮನುಷ್ಯನ ಮೌನಕ್ಕೆ ನನ್ನ ಕಟ್ಟೆ ಒಡೆಯಿತು. ಅಣ್ಣ ಕಾಯಲಿಲ್ಲ ಎಂಬುದನ್ನೆಲ್ಲ ಅತ್ತುಕೊಂಡು ಹೇಳಿದೆ. ಅವರು ಎದ್ದು, ಬರುತ್ತೇನೆ ಎಂದೂ ಹೇಳದೆ ಹೋಗಿಬಿಟ್ಟರು. ನನಗೆ ಬೇಸರವಾಯಿತು. ಮರುದಿನ ಬೆಳಿಗ್ಗೆ ಮತ್ತೆ ಬಂದು ನಿಂತೇ ಹೇಳಿದರು:

"ಡಾಕ್ಟರ್, ನಿಮ್ಮ ಕಥೇಲಿ ನಾನು ನಿಮ್ಮಣ್ಣ."

ಅವರಿಗೆ ಬೆನ್ನಿ ಎಂಬ ತಮ್ಮನಿದ್ದ. ಹೊಸ ವರ್ಷದ ಹಬ್ಬಕ್ಕೆ ಒಂದು ದಿನ ಇದೆ ಎನ್ನುವಾಗ ಅವರ ತಾಯಿ ತೀರಿಕೊಂಡರು. ಬೆನ್ನಿ ಆಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಮೇಲಿದ್ದ, ಬಿರುಗಾಳಿಗೆ ವಿಮಾನ ನಿಂತಿತ್ತು. ಅವರಲ್ಲಿ ಹೂಳುವುದನ್ನು ತಡ ಮಾಡುವುದಿಲ್ಲ, ಹಬ್ಬ ಹತ್ತಿರ ಬಂದರಂತೂ ಇಲ್ಲವೇ ಇಲ್ಲ. ಮಾರ್ಟಿ ಅಂಕಲ್ ಸೂರ್ಯ ಮುಳುಗುವ ಮೊದಲೇ ಎಲ್ಲ ಮುಗಿಸಿದರು. ಇನ್ನೂ ಒಂದು ನಿಯಮವಿತ್ತು. ಅವರ ಸೂತಕ ಏಳು ದಿನ. ಚರ್ಮದ ಚಪ್ಪಲಿ ಬಿಟ್ಟು, ನೆಲಕ್ಕೆ ಹತ್ತಿರ ಕೂರುವುದು, ಜನ ಬಂದು ಜೊತೆಗಿರುವುದು. ನಡುವೆ ಹಬ್ಬ ಬಂದರೆ ಆ ಸೂತಕ ಅಲ್ಲಿಗೇ ಮುಗಿದ ಹಾಗೆ. ಬೆನ್ನಿ ಪೆಟ್ಟಿಗೆ ಹಿಡಿದು ಅಣ್ಣನ ಮನೆಗೆ ಬಂದಾಗ ಮೇಜಿನ ಮೇಲೆ ಹಬ್ಬದ ಮೇಣದ ಬತ್ತಿ, ಸೇಬು, ಜೇನು. ಅಮ್ಮನ ಮುಖವೂ ಇಲ್ಲ, ಅಳಲು ನೆಲವೂ ಇಲ್ಲ. ಮಾರ್ಟಿ ಅಂಕಲ್ ಅವನಿಗೆ, "ಸೂತಕ ಕಳೀತು. ಕೂತ್ಕೋ, ಊಟ ಮಾಡು" ಎಂದರಂತೆ.

ಬೆನ್ನಿ ಕೂರಲಿಲ್ಲ. ಮತ್ತೆ ಮಾತಾಡಲೂ ಇಲ್ಲ.

ಕ್ಷಮೆ ಕೇಳುವುದಕ್ಕೂ ನಿಯಮವಿದೆ. ಮೂವರನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ಕೇಳಬೇಕು. ಕೊಡದಿದ್ದರೆ ಇನ್ನೊಮ್ಮೆ. ಆಗಲೂ ಇಲ್ಲವೆಂದರೆ ಮತ್ತೊಮ್ಮೆ. ಮೂರನೆಯ ಸಲವೂ ಕೊಡದಿದ್ದರೆ ಕೇಳಿದವನ ಹೊಣೆ ಅಲ್ಲಿಗೆ ತೀರಿತು. ಮಾರ್ಟಿ ಅಂಕಲ್ ಎರಡು ಸಲ ಹೋಗಿಬಂದಿದ್ದರು, ಎರಡು ಸಲವೂ ಬಾಗಿಲು ಮುಚ್ಚಿತ್ತು.

"ಮೂರನೇದನ್ನ ಇಟ್ಕೊಂಡಿದೀನಿ" ಎಂದರು. "ಅದೂ ಆಗಿಹೋದ್ರೆ ಮತ್ತೆ ಹೋಗಕ್ಕೆ ನಂಗೆ ಹಕ್ಕಿಲ್ಲ."

ನಾಲ್ಕನೇ ಸಲ ಹೋದರೆ ಯಾರು ಬಂದು ಹಿಡಿಯುತ್ತಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಎರಡು ಇಂಚನ್ನು ಬಿಡದ ಮನುಷ್ಯ ಇದನ್ನು ಬಿಡುತ್ತಾರೆಯೇ.

ವರ್ಷಗಳು ಕಳೆದವು. ಬೆನ್ನಿಯ ಕುರ್ಚಿಗೆ ದಿಂಬು ಬದಲಾಗುತ್ತಾ ಇತ್ತು. ಎರಡು ವರ್ಷದ ಹಿಂದೆ ಡಾಕ್ಟರರು, ನಿಜವಾದ ಡಾಕ್ಟರರು, ಅವರ ಹೃದಯದ ಕವಾಟ ಹೋಗಿದೆ, ಹಬ್ಬಗಳು ಮುಗಿದ ಕೂಡಲೇ ಆಪರೇಷನ್ ಆಗಲೇಬೇಕು ಎಂದರು. ಯೋಮ್ ಕಿಪುರ್ ಉಪವಾಸ ಶುರುವಾಗುವ ದಿನ ಬೆಳಿಗ್ಗೆ ಮಾರ್ಟಿ ಅಂಕಲ್ ಟೋಪಿ ಹಿಡಿದು ಬಂದರು. ಆದರೆ ತಮ್ಮ ಎಂದಿನ ಪ್ರಶ್ನೆ ಕೇಳಲಿಲ್ಲ.

"ನನ್ನ ಡ್ರೈವ್ ಮಾಡ್ಕೊಂಡು ಬ್ರೂಕ್ಲಿನ್‌ಗೆ ಕರ್ಕೊಂಡು ಹೋಗ್ತೀರಾ? ಮೂರು ಜನ ಬೇಕು. ನೀವು, ರವಿ, ನಿಮ್ಮ ಅತ್ತೆ."

"ನಾವು ಯಹೂದಿಗಳಲ್ಲವಲ್ಲ ಅಂಕಲ್, ನಡೆಯತ್ತಾ?"

ಅವರು ಕಿಟಕಿಯ ಕಡೆ ನೋಡಿದರು. "ನಡೆಯಲ್ಲ. ಆದ್ರೆ ಬೇರೆ ಯಾರೂ ಉಳಿದಿಲ್ಲ."

ಆಮೇಲೆ ಅವರು ಕೇಳಿದ್ದಕ್ಕೆ ನಾನು ತಯಾರಿರಲಿಲ್ಲ. "ನೀವು ಬೆನ್ನಿಯ ಕಡೆಯವರು. ಹೇಳಿ, ನಿಮ್ಮಣ್ಣ ಬಂದ್ರೆ ನಿಮಗೆ ಏನು ಕೇಳಿಸಬೇಕು?"

"ಶಾಸ್ತ್ರ ಅನ್ನೋ ಮಾತು ಕೇಳಿಸಬಾರದು" ಎಂದೆ. "ನಿಯಮ ಅನ್ನಬೇಡಿ. ಆದ್ರೆ ಅನ್ನಬೇಡಿ. ಕಾಯಬೇಕಿತ್ತು, ಕಾಯಲಿಲ್ಲ ಅನ್ನಿ. ಅಷ್ಟೇ ಸಾಕು."

"ಅಷ್ಟೇ ಅಂದ್ರೆ ಅದು ಪೂರ್ತಿ ಸರಿ ಆಗಲ್ವಲ್ಲ."

"ಸರಿ ಆಗೋದು ಬೇಡ ಅಂಕಲ್."

ಮಧ್ಯಾಹ್ನ ಹೊರಟೆವು. ಸೂರ್ಯ ಮುಳುಗುವ ಮೊದಲು ಅವರು ಊಟ ಮುಗಿಸಿ ಸಿನಗಾಗಿನಲ್ಲಿರಬೇಕು, ಆಮೇಲೆ ಕಾರು ಹತ್ತುವ ಹಾಗಿಲ್ಲ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಯಾವುದೋ ಲಾರಿ ಕೆಟ್ಟು ನಿಂತು ಸಾಲು ಆಮೆಯಂತೆ ಸರಿಯುತ್ತಿತ್ತು. ರವಿ ಸ್ಟಿಯರಿಂಗ್ ಬಿಗಿಹಿಡಿದು ತುಟಿ ಕಚ್ಚಿಕೊಂಡಿದ್ದ. ಮುಂದಿನ ಸೀಟಿನಲ್ಲಿ ಮಾರ್ಟಿ ಅಂಕಲ್ ಗೊಣಗುಟ್ಟುತ್ತಾ ಅಭ್ಯಾಸ ಮಾಡುತ್ತಿದ್ದರು: "ಬೆನ್ನಿ, ನಾನು ಕಾಯಬೇಕಿತ್ತು. ಕಾಯಲಿಲ್ಲ. ಆದ್ರೆ ನೀನೂ ಅರ್ಥ ಮಾಡ್ಕೋ..." ನಾನು ಹಿಂದಿನಿಂದ ಭುಜ ತಟ್ಟುತ್ತಿದ್ದೆ. ಅವರು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಮತ್ತೆ ಆದ್ರೆ. ಸ್ಟೇಟನ್ ಐಲೆಂಡ್ ದಾಟಿ ದೊಡ್ಡ ಸೇತುವೆ ಹತ್ತಿದಾಗಲೂ ಅದು ಉದುರಿರಲಿಲ್ಲ. ಅತ್ತೆ ಮಾತ್ರ ಕೆಳಗಿನ ನೀರು ನೋಡುತ್ತಾ, "ಪಾಪ, ಯಾಕೋ ಜಪ ಮಾಡ್ತಿದಾರೆ" ಎಂದರು. ಅತ್ತೆಗೆ ನಾನು ಹೇಳಿದ್ದು ಇಷ್ಟೇ: ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆ, ಮಾತಾಡಿಸಲು ಹೋಗುತ್ತಿದ್ದೇವೆ.

ಬೆನ್ನಿಯದು ಇಟ್ಟಿಗೆಯ ಹಳೆಯ ಮನೆ, ಬೀದಿಯಿಂದ ಬಾಗಿಲಿಗೆ ಕಲ್ಲಿನ ಮೆಟ್ಟಿಲು. ಗಂಟೆ ಒತ್ತಿದೆವು. ಮರದ ಬಾಗಿಲು ತೆರೆಯಿತು, ಜಾಲರಿಯ ಬಾಗಿಲು ಚಿಲಕ ಹಾಕಿದ ಹಾಗೇ ಇತ್ತು. ಅದರ ಹಿಂದೆ ಮಾರ್ಟಿ ಅಂಕಲ್ ಮುಖವೇ, ಸ್ವಲ್ಪ ತೆಳ್ಳಗೆ.

"ಬೆನ್ನಿ, ನಾನು ಕಾಯಬೇಕಿತ್ತು. ಕಾಯಲಿಲ್ಲ. ಕ್ಷಮಿಸು."

ಇಷ್ಟೂ ಹೇಳಿ ನಿಂತರು. ನಾನು ಉಸಿರು ಬಿಟ್ಟೆ. ಅಷ್ಟು ಬೇಗ ಬಿಡಬಾರದಿತ್ತು.

"ಯಾಕೆ ಕಾಯಲಿಲ್ಲ?" ಎಂದ ಬೆನ್ನಿ. ದನಿ ಸಣ್ಣಗಿತ್ತು.

ಮಾರ್ಟಿ ಅಂಕಲ್ ಕೈ ಬೆಲ್ಟಿನ ಟೇಪನ್ನು ಹುಡುಕಿತು. "ಹಬ್ಬ ಬರ್ತಿತ್ತು. ಸೂರ್ಯ ಮುಳುಗೋ ಹೊತ್ತು. ನಿಯಮ..."

ಬೆನ್ನಿಯ ಕೈ ಮರದ ಬಾಗಿಲಿನ ಅಂಚಿಗೆ ಹೋಯಿತು. ಮುಗಿಯಿತು ಎಂದುಕೊಂಡೆ. ಉಳಿಸಿಟ್ಟುಕೊಂಡಿದ್ದ ಒಂದೇ ಒಂದು ಸಲವೂ ಕಣ್ಣೆದುರಿಗೆ ಹೋಯಿತು. ಬಾಗಿಲು ಅರ್ಧ ಮುಚ್ಚಿ ಅಲ್ಲೇ ನಿಂತಿತು. ಬೆನ್ನಿ ನಮ್ಮೆಲ್ಲರನ್ನೂ ಬಿಟ್ಟು ಕೆಳಗೆ ನೋಡುತ್ತಿದ್ದ.

ನಮ್ಮ ಅತ್ತೆ ಯಾರ ಮನೆಯ ಬಾಗಿಲಿಗೆ ಹೋದರೂ ಮೊದಲು ಮಾಡುವುದು ಚಪ್ಪಲಿ ಬಿಡುವುದು. ಇಲ್ಲೂ ಬಿಟ್ಟಿದ್ದರು. ನಮ್ಮ ಮಾತು ಮುಗಿಯುವ ಹಾಗೆ ಕಾಣಲಿಲ್ಲ, ಮಂಡಿ ನೋಯುತ್ತಿತ್ತು, ಕಲ್ಲಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಸೆರಗು ಹೊದ್ದು ಕೂತುಬಿಟ್ಟಿದ್ದರು.

"ಯಾರು ಆಕೆ? ಚಪ್ಪಲಿ ಬಿಟ್ಟು ಕೆಳಗೆ ಯಾಕೆ ಕೂತಿದಾರೆ?" ಬೆನ್ನಿ ಕೇಳಿದ. "ಯಾರು ಸತ್ತಿದಾರೆ?"

ಇದು ನಮ್ಮ ಕಡೆಯ ಅಭ್ಯಾಸ, ಸೂತಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಮಾರ್ಟಿ ಅಂಕಲ್ ಕೈಯೆತ್ತಿ ನನ್ನನ್ನು ತಡೆದರು. ಅತ್ತೆಯನ್ನೇ ನೋಡುತ್ತಿದ್ದರು.

"ಅಮ್ಮ" ಎಂದರು. "ಅಮ್ಮ ಸತ್ತಿದಾಳೆ, ಬೆನ್ನಿ."

ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ಗಂಟು ಬಿಡಲಿಲ್ಲ. ರವಿ ಮುಂದಾದ, ಬೇಡ ಎಂದರು. ಎರಡೂ ಬೂಟು ಕಳಚಿ ಪಕ್ಕಕ್ಕಿಟ್ಟು, ರೇಲಿಂಗ್ ಹಿಡಿದು, ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. ಅತ್ತೆ ಏನೂ ತಿಳಿಯದೆ, "ಕೂತ್ಕೊಳ್ಳಿ, ಜಾಗ ಇದೆ" ಎಂದು ಒತ್ತರಿಸಿಕೊಂಡರು.

"ಎದ್ದೇಳು" ಎಂದ ಬೆನ್ನಿ. "ಇವತ್ತು ಸೂತಕ ಕೂರೋ ಹಾಗಿಲ್ಲ. ನಿಯಮ ಗೊತ್ತಿಲ್ವಾ ನಿನಗೆ?"

"ಗೊತ್ತು" ಎಂದರು ಮಾರ್ಟಿ ಅಂಕಲ್. ಏಳಲಿಲ್ಲ.

ಎದುರು ಮನೆಯ ಇಟ್ಟಿಗೆಯ ಮೇಲೆ ಬಿಸಿಲು ಏರುತ್ತಿತ್ತು, ಅಂದರೆ ಸೂರ್ಯ ಇಳಿಯುತ್ತಿದ್ದ. ರವಿ ನನ್ನ ಕಡೆ ನೋಡಿದ. ನಾನು ಅಲ್ಲಾಡಲಿಲ್ಲ. ಆಮೇಲೆ ಚಿಲಕ ಸರಿದ ಸದ್ದು. ಬೆನ್ನಿ ಹೊರಗೆ ಬಂದು, ಮನೆಯೊಳಗಿನ ಚಪ್ಪಲಿ ಕಳಚಿ, ಅಣ್ಣನ ಮೇಲಿನ ಮೆಟ್ಟಿಲಲ್ಲಿ ಕೂತ. ಇಬ್ಬರೂ ಬೀದಿಯ ಕಡೆ ನೋಡುತ್ತಾ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬೆನ್ನಿಯ ಭುಜ ಅಲುಗತೊಡಗಿತು. ಮಾರ್ಟಿ ಅಂಕಲ್ ಮಾತಾಡಲಿಲ್ಲ. ದುಃಖದಲ್ಲಿರುವವನು ಮೊದಲು ಬಾಯಿ ತೆಗೆಯಬೇಕಲ್ಲ.

"ಇನ್ನು ಮೇಲೆ ನೀನು ಇಲ್ಲಿಗೆ ಬರೋದು ಬೇಡ" ಎಂದ ಬೆನ್ನಿ ಕೊನೆಗೆ. "ಈ ವಯಸ್ಸಲ್ಲಿ ಅಷ್ಟು ದೂರ. ನಾನೇ ಬರ್ತೀನಿ. ಹೊರಡು ಈಗ, ಬೆಲ್ಟ್ ಪಾರ್ಕ್‌ವೇ ರಸ್ತೆ ಜಾಮ್ ಆಗತ್ತೆ."

ಹಿಂತಿರುಗುವಾಗ ಅರ್ಧ ದಾರಿಯಲ್ಲಿ ಅತ್ತೆ ಬ್ಯಾಗಿನಿಂದ ಎರಡು ಬಾಳೆಹಣ್ಣು ತೆಗೆದು ಅವರ ಕೈಗಿಟ್ಟರು. ಉಪವಾಸಕ್ಕೆ ಮುಂಚಿನ ಅವರ ಊಟ ಅದೇ ಆಯಿತು. ಸಿನಗಾಗಿನ ಮುಂದೆ ಇಳಿಸಿದಾಗ ಸೂರ್ಯ ಮರಗಳ ಹಿಂದೆ ಇನ್ನೂ ಒಂದಿಷ್ಟು ಉಳಿದಿದ್ದ. ಪೊಲೀಸಿನವನು ಇವರ ಪಾದ ನೋಡಿ ಹುಬ್ಬೇರಿಸಿದ. ಆಗ ನಮಗೂ ತಿಳಿಯಿತು, ಬೂಟು ಬ್ರೂಕ್ಲಿನ್ನಿನಲ್ಲೇ ಉಳಿದಿದೆ. "ಪರವಾಗಿಲ್ಲ, ಇವತ್ತು ಹೇಗೂ ಚರ್ಮದ್ದು ಹಾಕೋ ಹಾಗಿಲ್ಲ" ಎಂದು ಕಾಲುಚೀಲದಲ್ಲೇ ಒಳಗೆ ನಡೆದರು.

ಸುಕ್ಕೋತ್ ನಡುವೆ ಒಂದು ಸಂಜೆ ಬೆನ್ನಿ ಬಂದ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಬೂಟು. ಚಪ್ಪರದೊಳಗೆ ಬಂದು ತಲೆಯೆತ್ತಿ ನೋಡಿ, "ದಂಟು ದಟ್ಟ ಆಯ್ತು, ನಕ್ಷತ್ರ ಎಲ್ಲಿ ಕಾಣತ್ತೆ?" ಎಂದು ಕುರ್ಚಿ ಎಳೆದು ಅದರ ಮೇಲೆ ಹತ್ತಿ ಒಂದಷ್ಟು ದಂಟು ಕಿತ್ತು ಹಾಕಿದ. ಅವನು ಹತ್ತಿದ್ದು ಆ ಕುರ್ಚಿಯನ್ನೇ, ಹೊಸ ದಿಂಬಿನ ಮೇಲೆ ಕಾಲಿಟ್ಟು. ಮಾರ್ಟಿ ಅಂಕಲ್ ಟೇಪು ತೆಗೆಯಲಿಲ್ಲ. ಅವರು ಸುಮ್ಮನೆ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಪರೇಷನ್ ಆಯಿತು, ಮನುಷ್ಯ ಚೇತರಿಸಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ನನ್ನ ಕೈ ಹಿಡಿದು, "ಡಾಕ್ಟರ್, ನನ್ನ ಹೂಳೋವಾಗ ಬೆನ್ನಿ ಬರೋವರೆಗೂ ಕಾಯಿರಿ. ನಿಯಮ ಏನೇ ಇರಲಿ" ಎಂದರು. ಆ ವಾಕ್ಯದ ಕೊನೆಯಲ್ಲಿ ಆದ್ರೆ ಬರುತ್ತದೆಯೇನೋ ಎಂದು ಕಾದೆ. ಬರಲಿಲ್ಲ.

ಚಳಿಗಾಲದ ಒಂದು ಶುಕ್ರವಾರ. ಸಂಜೆಗೆ ಅವರ ವಾರದ ಪವಿತ್ರ ದಿನ ಶುರುವಾಗುತ್ತದೆ, ಅದಕ್ಕೆ ಮುಂಚೆ ಮಣ್ಣು ಮುಚ್ಚಬೇಕು. ಬೆನ್ನಿಯ ಕಾರು ಸೇತುವೆಯ ಮೇಲೆ ಹಿಮದಲ್ಲಿ ಸಿಕ್ಕಿಕೊಂಡಿತ್ತು. ಅವರ ಧರ್ಮಗುರು ರಬ್ಬಿ ಆಕಾಶ ನೋಡುತ್ತಿದ್ದರು, ಗಡಿಯಾರ ನೋಡುತ್ತಿದ್ದರು. "ಇನ್ನು ಆಗಲ್ಲಮ್ಮ" ಎಂದರು ನನಗೆ. ಮಾರ್ಟಿ ಅಂಕಲ್ ಹೇಳಿದ್ದನ್ನು ಹ್ಯಾಗೆ ಹೇಳಿದರೋ ಹಾಗೇ ಹೇಳಿದೆ. ರಬ್ಬಿಗೆ ಅವರನ್ನು ನನಗಿಂತ ಹೆಚ್ಚು ವರ್ಷದಿಂದ ಗೊತ್ತು. "ಮಾರ್ಟಿ ಹಾಗಂದ್ನಾ?" ಎಂದು ಎರಡು ಸಲ ಕೇಳಿ ಸುಮ್ಮನಾದರು. ಕಾಲು ಮರಗಟ್ಟುವವರೆಗೆ ಎಲ್ಲರೂ ನಿಂತಿದ್ದೆವು. ಬೆಳಕು ಬೂದಿಯ ಬಣ್ಣಕ್ಕೆ ತಿರುಗುವಾಗ ಗೇಟಿನಲ್ಲಿ ಕಾರು ಕಂಡಿತು. ಮೊದಲ ಮಣ್ಣು ಹಾಕಿದ್ದು ಬೆನ್ನಿ. ಆ ವಾರ ಅಣ್ಣನ ಮನೆಯಲ್ಲಿ ಏಳೂ ದಿನ ನೆಲಕ್ಕೆ ಹತ್ತಿರ ಕೂತ. ಯಾವ ಹಬ್ಬವೂ ಅಡ್ಡ ಬರಲಿಲ್ಲ. ನಾನು ದಿನಾ ಹೋಗಿ, ಚಪ್ಪಲಿ ಬಿಟ್ಟು, ಅವನು ಮಾತಾಡುವವರೆಗೆ ಸುಮ್ಮನೆ ಕೂತು ಬಂದೆ.

ಮೊನ್ನೆ ಮೇಪಲ್ ಎಲೆ ಮತ್ತೆ ಬಣ್ಣ ತಿರುಗಿತು. ಯೋಮ್ ಕಿಪುರ್ ಯಾವತ್ತು ಎಂದು ನನಗೀಗ ಯಾರೂ ಹೇಳಬೇಕಾಗಿಲ್ಲ. ಅದರ ಮುನ್ನಾದಿನ ಬೆಳಿಗ್ಗೆಯಿಂದ ಕಿವಿ ಬಾಗಿಲ ಕಡೆಗೇ ಇತ್ತು. ಪಕ್ಕದ ಮನೆಗೆ ಬಂದಿರುವ ಹೊಸಬರು ಒಳ್ಳೆಯವರು, ಕಂಡರೆ ನಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಬೀದಿಯೆಲ್ಲ ದೀಪ ಹಾಕಿಕೊಂಡು ನೆಮ್ಮದಿಯಾಗಿತ್ತು. ನನಗೆ ಅಳು ಬಂತು. ಸಾರಿಗೆ ಒಗ್ಗರಣೆ ಇಡುತ್ತಾ ಫೋನು ತೆಗೆದುಕೊಂಡೆ. ಯುಗಾದಿಯಲ್ಲ, ದೀಪಾವಳಿಯಲ್ಲ, ಅಣ್ಣ ಗಾಬರಿಯಾದ.

"ಏನಾಯ್ತೇ ಸುಧಾ? ಎಲ್ಲ ಹುಷಾರಾಗಿದೀರಾ?"

"ಅಣ್ಣ, ನಾನು ನಿನಗೆ ಏನಾದ್ರೂ ನೋವು ಮಾಡಿದೀನಾ?"

"ಅಯ್ಯೋ, ಇದೇನೇ ಇದು. ಏನಿಲ್ಲ ಬಿಡೇ."

"ಏನಿಲ್ಲ ಅನ್ನಬೇಡ. ಯೋಚನೆ ಮಾಡಿ ಹೇಳು. ನಾನು ಕಾಯ್ತೀನಿ."

ಅವನ ಮನೆಯ ಮುಂದೆ ಸ್ಕೂಟರೊಂದು ಹೋದದ್ದು ಕೇಳಿಸಿತು, ಅತ್ತಿಗೆ ಯಾರನ್ನೋ ಕರೆದದ್ದು ಕೇಳಿಸಿತು. ಸಾಸಿವೆ ಸಿಡಿಯಿತು. ನಾನು ಕಾದೆ.

"ನೀನು ಬಂದ ದಿನ ನನಗೂ ಅಪ್ಪ ಹೋಗಿದ್ರು ಕಣೇ" ಎಂದ ಅಣ್ಣ. "ನೀನು ನನ್ನ ಮುಖಾನೇ ನೋಡಲಿಲ್ಲ."

ಒಲೆ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತೆ.